ಗುಂಡವ್ವನಿಗೆ ಹೊಸ ಕಾರ್ಬೊರೇಟರ್

ಮಾನ್ವಿ ರಸ್ತೆಯಲ್ಲಿ, ಎತ್ತ ನೋಡಿದರೂ ಭತ್ತದ ಗದ್ದೆ ಬಿಟ್ಟು ಬೇರೇನೂ ಕಾಣದ ಕಡೆ, ಗುಂಡವ್ವ ಒಂದೆರಡು ಸಲ ಕೆಮ್ಮಿ, ಹಿಂದಿನಿಂದ ಕರಿ ಹೊಗೆ ಬಿಟ್ಟು, ನಿಂತೇಬಿಟ್ಟಳು. ಗುಂಡವ್ವ ಎಂದರೆ ಪಂಪಾಪತಿಯ ಕಾರು. ಅವನ ಅಪ್ಪ ಎಂದೋ ಒಬ್ಬ ಜಹಗೀರದಾರರ ಮನೆಯಿಂದ ಕೊಂಡು ತಂದ ಹಳೇ ಡಾಡ್ಜ್. ಬಾನೆಟ್ಟಿನ ಕೆಳಗೆ ಸಾಲಾಗಿ ಆರು ಸಿಲಿಂಡರು, ಮೈ ಎಲ್ಲಿ ಮುಟ್ಟಿದರೂ ಗುಂಡಗೆ. ಹೆಸರಿಟ್ಟವಳು ಪಂಪಾಪತಿಯ ಅವ್ವ. ಕಾರಿಗೆ ಈ ಹೆಸರೇಕೆ ಎಂದು ರಾಯಚೂರಿನ ಗಂಜ್ ಮಾರುಕಟ್ಟೆಯಲ್ಲಿ ಈಗ ಯಾರೂ ಕೇಳುವುದಿಲ್ಲ. ಕೇಳಿದವರನ್ನು ಪಂಪಾಪತಿ ತನ್ನ ಅಡತ್ತಿ ಅಂಗಡಿಯಲ್ಲಿ ಕೂರಿಸಿಕೊಂಡು ಮಧ್ಯಾಹ್ನದ ಊಟದ ಹೊತ್ತು ಮೀರುವವರೆಗೆ ಕಥೆ ಹೇಳುತ್ತಾನೆಂದು ಎಲ್ಲರಿಗೂ ಗೊತ್ತು.

ಅಂದು ಪಕ್ಕದಲ್ಲಿ ಹೆಂಡತಿ ಮಂಜುಳಾ ಕೂತಿದ್ದಳು. ಮಾನ್ವಿಯ ತವರುಮನೆಯಲ್ಲಿ ತೊಟ್ಟಿಲ ಕಾರ್ಯ, ಮೈಮೇಲೆ ಇಳಕಲ್ ಸೀರೆ, ಮಡಿಲಲ್ಲಿ ಕೂಸಿಗೆಂದು ತಂದ ಕುಲಾವಿ. ಪಂಪಾಪತಿ ಬಾನೆಟ್ ಎತ್ತಿ ಒಳಗೆ ಊದಿದ, ತಟ್ಟಿದ, ಗುಂಡವ್ವನನ್ನು ರಮಿಸಿದ. ಅವಳು ಕಿಮಕ್ ಅನ್ನಲಿಲ್ಲ. ಕೊನೆಗೆ ಮಂಜುಳಾ ಹಾದು ಹೋಗುತ್ತಿದ್ದ ಟಂಟಂ ಆಟೋಗೆ ಕೈ ಮಾಡಿದಳು. ಅದರಲ್ಲಿ ಆಗಲೇ ಮೆಣಸಿನಕಾಯಿ ಚೀಲಗಳೂ ಎರಡು ಆಡುಗಳೂ ಇದ್ದವು. ಆಡುಗಳ ನಡುವೆ ಜಾಗ ಮಾಡಿಕೊಂಡು ಕೂತವಳು ಗಂಡನ ಕಡೆ ತಿರುಗಿದಳು.

“ಇವತ್ತಿಗೆ ಮುಗೀತ್ರಿ. ಇನ್ನ ನಾ ಇದರಾಗ ಕೂಡಂಗಿಲ್ಲ. ಬೈಪಾಸ್ ಮ್ಯಾಲ ಹೊಸ ಗ್ಯಾರೇಜ್ ಆಗ್ಯದ, ಅಲ್ಲಿಗರ ಒಯ್ರಿ, ಇಲ್ಲಾ ಗುಜರಿಗರ ಹಾಕ್ರಿ.”

“ಅಲ್ಲಬೇ, ಪಾಷಾ ಮೊನ್ನೆರ ಟ್ಯೂನಿಂಗ್ ಮಾಡ್ಯಾನ...”

“ಅದಕ್ಕ ಹೇಳಾಕತ್ತೀನಿ,” ಎಂದಳು ಮಂಜುಳಾ. ಟಂಟಂ ಹೊರಟಿತು.

ಪಂಪಾಪತಿ ಮಡ್‌ಗಾರ್ಡಿಗೆ ಒರಗಿ ನಿಂತ. ಹೆಂಡತಿ ಸುಳ್ಳು ಹೇಳಿದ್ದರೆ ಜಗಳವಾಡಬಹುದಿತ್ತು. ಅವಳು ಖರೇ ಹೇಳಿದ್ದಳು, ಅದೇ ಅವನ ಸಂಕಟ.

ಜಿಲಾನಿ ಪಾಷಾನ ತಗಡಿನ ಶೆಡ್ಡು ಇರುವುದು ರಾಯಚೂರಿನ ಸ್ಟೇಷನ್ ರಸ್ತೆಯ ಹಿಂದಿನ ಗಲ್ಲಿಯಲ್ಲಿ. ಬೋರ್ಡು ಇಲ್ಲ, ಬೇಕಾಗಿಯೂ ಇಲ್ಲ. ಕಿವಿ ಮೇಸ್ತ್ರಿ ಎಂದರೆ ಸ್ಟೇಷನ್ನಿನ ಯಾವ ಆಟೋದವನಾದರೂ ತಂದು ಬಿಡುತ್ತಾನೆ. ಎಂಜಿನ್ ಚಾಲೂ ಮಾಡಿಸಿ, ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಅದರ ಮೇಲೂ ಹಿಡಿಯನ್ನು ಕಿವಿಗೂ ಇಟ್ಟು, ಕಣ್ಣು ಮುಚ್ಚಿ ನಿಂತನೆಂದರೆ ಯಾವ ಸಿಲಿಂಡರಿನಲ್ಲಿ ಕಿಡಿ ಬಡವಾಗಿದೆ, ಎಲ್ಲಿ ಪೆಟ್ರೋಲ್ ಹೆಚ್ಚಾಗಿದೆ ಎಲ್ಲ ಹೇಳುತ್ತಿದ್ದ. ಆ ಹೊತ್ತಿಗೆ ಗಲ್ಲಿಯಲ್ಲಿ ಒಂದು ಕಟ್ಟಳೆಯೂ ಇತ್ತು. ಪಕ್ಕದ ಖಾರದ ಗಿರಣಿ ನಿಲ್ಲಬೇಕು. ಎದುರಿನ ಬಾಡಿ ರಿಪೇರಿಯವನು ಸುತ್ತಿಗೆ ಇಳಿಸಬೇಕು. ಚಹಾ ತಂದವನು ಕಪ್ಪು-ಬಸಿ ಸದ್ದಾಗದಂತೆ ಹಿಡಿದು ನಿಲ್ಲಬೇಕು. ಯಾರು ಹಾಕಿದ ಕಟ್ಟಳೆಯೋ, ಮುರಿದವರಂತೂ ಇಲ್ಲ. ನಿದ್ದೆಯಲ್ಲೂ ಮಾತಾಡುವ ಪಂಪಾಪತಿ ಕೂಡ ಆಗ ಬಾಯಿ ಮುಚ್ಚಿಕೊಂಡು ನಿಲ್ಲುತ್ತಿದ್ದ.

ಇಬ್ಬರೂ ಮೀಸೆ ಚಿಗುರುವ ವಯಸ್ಸಿನಿಂದ ಆ ಬಾನೆಟ್ಟಿನ ಆಚೆ ಒಬ್ಬ, ಈಚೆ ಒಬ್ಬ ನಿಂತು ಮುದುಕರಾದವರು. ಲೋಕದಲ್ಲಿ ಪಾಷಾನಷ್ಟು ಇಷ್ಟವಾದ ಮನುಷ್ಯ ಪಂಪಾಪತಿಗೆ ಇನ್ನೊಬ್ಬನಿರಲಿಲ್ಲ. ಇದನ್ನು ಅವನು ಮಂಜುಳಾಗೆ ಯಾವತ್ತೂ ಹೇಳಿರಲಿಲ್ಲ, ಅಷ್ಟು ಬುದ್ಧಿ ಅವನಿಗಿತ್ತು.

ಆ ಪಾಷಾನ ಕಿವಿ ಹೋಗಿದೆ ಎಂದು ಅವನಿಗೆ ಗೊತ್ತಾದದ್ದು ಬೇಸಿಗೆಯ ಒಂದು ಮುಂಜಾನೆ. ಎಂದಿನಂತೆ ಗಿರಣಿ ನಿಂತಿತ್ತು. ಪಾಷಾ ಕಣ್ಣು ಮುಚ್ಚಿ, ಸ್ಕ್ರೂಡ್ರೈವರಿಗೆ ಕಿವಿ ಹಚ್ಚಿ, ಇನ್ನೊಂದು ಕೈಯಿಂದ ಕಾರ್ಬೊರೇಟರಿನ ಸ್ಕ್ರೂ ತಿರುವುತ್ತಿದ್ದ. ಗುಂಡವ್ವ ತೊದಲಿದಳು, ಬಿಕ್ಕಿದಳು, ಆರಿಹೋದಳು. ಪಾಷಾ ತಿರುವುತ್ತಲೇ ಇದ್ದ. ಹುಬ್ಬು ಗಂಟಿಕ್ಕಿ, “ಇನ್ನಾ ಲೈನಿಗೆ ಬರವಲ್ಲದು,” ಎಂದು ಗೊಣಗಿದ. ಕೆಲಸ ಮುಗಿಯಿತೆಂದುಕೊಂಡ ಗಿರಣಿಯವನು ಆಚೆ ತನ್ನ ಮೋಟಾರು ಹಾಕಿದ. ನೆಲ ಗಡಗಡ ಅಂದಿತು. ಗುಂಡವ್ವನ ತಗಡು ಅದುರಿತು, ಸ್ಕ್ರೂಡ್ರೈವರ್ ಅದುರಿತು. ಪಾಷಾನ ಮುಖ ಅರಳಿತು.

“ಹಾಂ! ಈಗ ಬಂತು ನೋಡ್ರಿ ಸಾವ್ಕಾರ್ರ. ಕ್ಯಾ ಬಾತ್!”

ಪಂಪಾಪತಿಗೆ ಮೊದಲು ನಗು ಬಂತು. ಆಮೇಲೆ, ಎಂಜಿನ್ ಆಗಲೇ ಆರಿದ್ದು ಪಾಷಾನಿಗೆ ಕೇಳಿಸಿಯೇ ಇಲ್ಲ ಎಂದು ಹೊಳೆಯಿತು. ಪಾಷಾ ಕಣ್ಣು ಬಿಡುವುದರೊಳಗೆ ಸೀಟಿಗೆ ಹಾರಿ, ಕೀಲಿ ತಿರುಗಿಸಿ, ಹೇಗೋ ಎಂಜಿನ್ ಎಬ್ಬಿಸಿದ. “ಬರೋಬ್ಬರಿ ಆತು ಪಾಷಾ,” ಎಂದ. ಅಂದಿನಿಂದ ಗುಂಡವ್ವ ಕುಂಟುತ್ತಲೇ ಇದ್ದಳು.

ಹೇಳಿಬಿಡಬಹುದಿತ್ತಲ್ಲ ಎಂದರೆ, ಹೇಳುವುದು ಹೇಗೆ? ಪಾಷಾನ ಹೆಂಡತಿ ಗುಲ್ಶನ್ ಬೇಗಂಗೂ ಗೊತ್ತಿತ್ತು. ಶೆಡ್ಡಿಗೆ ಅಂಟಿಕೊಂಡ ಮನೆಯ ಬಾಗಿಲಲ್ಲಿ ನಿಂತು ಅವಳೇ ಒಂದು ದಿನ ಪಂಪಾಪತಿಗೆ, “ಕರದ್ರ ಹೊಳ್ಳಿ ನೋಡಂಗಿಲ್ರಿ ಭಾಯಿಸಾಬ್. ಡಾಕ್ಟರ್ ಹತ್ರ ಹೋಗೂಣ್ರಿ ಅಂದ್ರ ಎರಡು ದಿನ ಮಾತ ಬಿಟ್ರು. ನೀವರ ಹೇಳ್ರಿ,” ಎಂದಳು.

“ನಾ ಹೆಂಗ ಹೇಳ್ಲಿ ಭಾಬಿ? ಕಿವಿ ಮೇಸ್ತ್ರಿಗೆ ಕಿವಿ ಇಲ್ಲ ಅಂತ ನನ್ನ ಬಾಯಿಲೆ ಹೇಳ್ಲೇನು?”

ಗಾಡಿಯನ್ನು ಬೈಪಾಸಿನ ಗ್ಯಾರೇಜಿಗೆ ಒಯ್ಯುವುದೂ ಅದೇ ಮಾತನ್ನು ಊರಿಗೆಲ್ಲ ಡಂಗುರ ಸಾರಿದಂತೆ. ಗುಂಡವ್ವ ಓಡಬೇಕು, ಪಾಷಾನ ಹೆಸರಿಗೆ ಮಸಿ ಹತ್ತಬಾರದು. ಪಂಪಾಪತಿ ಹಾಸಿಗೆಯಲ್ಲಿ ಹೊರಳಾಡಿ ಹೊರಳಾಡಿ ಕೊನೆಗೆ ಹೈದರಾಬಾದಿನಲ್ಲಿ ಹಳೇ ಕಾರುಗಳ ಸಾಮಾನು ಮಾರುವವನೊಬ್ಬನಿಗೆ ಫೋನು ಮಾಡಿದ. ಅವನು ಹೇಳಿದ್ದು ಅಮೃತದಂತೆ ಕೇಳಿಸಿತು. ಕಿಡಿ ಹಚ್ಚುವ ಹಳೇ ಪಾಯಿಂಟು, ಕಂಡೆನ್ಸರು ತೆಗೆದೆಸೆದು ಎಲೆಕ್ಟ್ರಾನಿಕ್ ಇಗ್ನಿಷನ್ ಹಾಕಿ. ಅದಕ್ಕೆ ಪಾಯಿಂಟಿನ ಸಂದು ಅಳೆದು ಗ್ಯಾಪು ಹಿಡಿಯುವ ಕೆಲಸವೇ ಇಲ್ಲ. ಜೊತೆಗೆ ಎರಡು ಗಂಟಲಿನ ಹೊಸ ಕಾರ್ಬೊರೇಟರ್ ಕೂರಿಸಿ. ಆಮೇಲೆ ವರ್ಷಗಟ್ಟಲೆ ಬಾನೆಟ್ ಎತ್ತುವುದು ಬೇಡ. ಅಂದರೆ ಕಿವಿಯೇ ಬೇಡ, ಎಂದು ಪಂಪಾಪತಿ ತನಗೆ ಬೇಕಾದ ಅರ್ಥ ಮಾಡಿಕೊಂಡ.

ಪಾರ್ಸೆಲ್ ಬಂದ ದಿನ ಅದನ್ನು ಬಗಲಲ್ಲಿ ಇಟ್ಟುಕೊಂಡು ಶೆಡ್ಡಿಗೆ ಹೋದ. ಟಿವಿಗಿಂತ ರೇಡಿಯೋ ವಾಸಿ, ಮಿಕ್ಸರಿಗಿಂತ ಒರಳು ವಾಸಿ, ಗುಂಡಿ ಒತ್ತುವ ಫೋನಿಗಿಂತ ಒಳ್ಳೆಯ ಫೋನು ಇನ್ನೂ ಹುಟ್ಟಿಲ್ಲ ಎಂದು ವಾದಿಸುವ ಮನುಷ್ಯ ಅಂದು ಹೊಸದರ ಭಜನೆ ಶುರುಮಾಡಿದ.

“ಕಾಲ ಬದಲಾಗ್ಯದ ಪಾಷಾ. ಎಲ್ಲಾ ಎಲೆಕ್ಟ್ರಾನಿಕ್. ನಾವೂ ಬದಲಾಗಬೇಕು.”

ಪಾಷಾ ಅವನ ಬಾಯಿಯನ್ನೇ ನೋಡುತ್ತಿದ್ದ. “ಏನಾಗ್ಯದ ನಿಮಗ? ಜ್ವರ ಬಂದಾವೇನು?”

“ಜ್ವರ ಅಲ್ಲೋ. ಈಗಿನ ಪೆಟ್ರೋಲ್‌ನಾಗ ಎಥನಾಲ್ ಕೂಡಸ್ತಾರಂತ. ಹಳೀ ಕಾರ್ಬೊರೇಟರ್ ಅದನ್ನ ತಡಕೊಳ್ಳಂಗಿಲ್ಲ. ಅದಕ್ಕ ಗುಂಡವ್ವ ಕುಂಟಾಕತ್ತಾಳ. ನಿನ್ನ ಕೈದು ಏನೂ ತಪ್ಪಿಲ್ಲ.”

“ನನ್ನ ಕೈದು ತಪ್ಪದ ಅಂತ ಯಾರಂದ್ರು?”

ಪಂಪಾಪತಿ ನಾಲಿಗೆ ಕಚ್ಚಿಕೊಂಡ. ಪಾಷಾ ಬಹಳ ಹೊತ್ತು ಅವನ ಮುಖ ನೋಡಿ, ಪಾರ್ಸೆಲ್ ತೆಗೆದುಕೊಂಡು, ದಾರ ಹರಿದ. “ಆತು ತಗೋರಿ. ಮುದುಕಿಗೆ ಹೊಸ ಹಲ್ಲು ಕಟ್ಟಸೂದು ನಿಮ್ಮ ಹಣ್ಯಾಗ ಬರದಿದ್ರ ನಾ ಯಾಕ ಬ್ಯಾಡನ್ನಲಿ,” ಎಂದ.

ಕೆಲಸ ಹಿಡಿದ ಮೇಲೆ ಪಾಷಾ ಹಳೇ ಪಾಷಾನೇ ಆದ. ಹೊಸ ಕಾರ್ಬೊರೇಟರಿನ ತಳ, ಎಂಜಿನ್ನಿಗೆ ಗಾಳಿ ಪೆಟ್ರೋಲ್ ಒಯ್ಯುವ ಹಳೇ ಮ್ಯಾನಿಫೋಲ್ಡ್ ಕೊಳವೆಯ ಬಾಯಿಗೆ ಕೂರಲಿಲ್ಲ. ನಡುವೆ ಇಡಲು ಅಲ್ಯೂಮಿನಿಯಂ ತುಂಡೊಂದನ್ನು ಕೊರೆದು, ಉಜ್ಜಿ, ಮತ್ತೆ ಉಜ್ಜಿ ತಟ್ಟೆ ಮಾಡಿದ. ಸಂದಿನಲ್ಲಿ ಗಾಳಿ ಸೋರದಂತೆ ಇಡುವ ಪ್ಯಾಕಿಂಗ್ ಕಾಗದವನ್ನು ಅದರ ಮೇಲೆ ಹಾಸಿ, ಅಂಚಿನಗುಂಟ ಸಣ್ಣ ಸುತ್ತಿಗೆಯಿಂದ ಟುಕುಟುಕು ಬಡಿದು, ಕತ್ತರಿ ಮುಟ್ಟಿಸದೆ ಆಕಾರ ತೆಗೆದ. ಸಿಲಿಂಡರುಗಳಿಗೆ ಕಿಡಿ ಹಂಚುವ, ಮೇಸ್ತ್ರಿಗಳು ಡೆಲ್ಕೋ ಎನ್ನುವ ಡಿಸ್ಟ್ರಿಬ್ಯೂಟರಿನ ಮುಚ್ಚಳ ತೆಗೆದು ಹಳೇ ಪಾಯಿಂಟು ಇದ್ದ ಕಡೆ ಹೊಸ ಇಗ್ನಿಷನ್ ಡಬ್ಬಿ ಕೂರಿಸಿದ. ಪ್ಲಸ್ಸು ಮೈನಸ್ಸು ಅದಲು ಬದಲಾದರೆ ಇದು ಒಂದೇ ಏಟಿಗೆ ಸುಟ್ಟುಹೋಗುತ್ತದೆ ಎಂದು ಪಂಪಾಪತಿ ಎರಡನೆಯ ಸಲ ಹೇಳಿದಾಗ ಪಾಷಾ ಅವನನ್ನು ಶೆಡ್ಡಿನಿಂದ ಆಚೆ ಕಳಿಸಿದ.

ಕಿಡಿಯ ಹೊತ್ತು ನೋಡಲು ಪಾರ್ಸೆಲ್ಲಿನಲ್ಲಿ ಒಂದು ಟೈಮಿಂಗ್ ಲೈಟೂ ಬಂದಿತ್ತು. ಬಂದೂಕಿನಂಥ ಅದನ್ನು ಹಿಡಿದು ಗುಂಡಿ ಒತ್ತಿದರೆ ಬೆಳಕು ಕಿಡಿಯ ಲೆಕ್ಕಕ್ಕೆ ಮಿಣುಕುತ್ತದೆ, ಗರಗರ ತಿರುಗುವ ಪುಲ್ಲಿಯ ಮೇಲಿನ ಗುರುತು ನಿಂತಂತೆ ಕಾಣುತ್ತದೆ. ಪಾಷಾ ಒಂದು ಸಲ ನೋಡಿದ, ಇನ್ನೊಂದು ಸಲ ನೋಡಿದ, ಆಮೇಲೆ “ಏ ಗುಲ್ಶನ್, ಇಧರ್ ಆ!” ಎಂದು ಹೆಂಡತಿಯನ್ನು ಕರೆದು ತೋರಿಸಿದ. ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು. ಬಾಗಿಲ ಬಳಿ ನಿಂತ ಪಂಪಾಪತಿಗೆ ಗೆದ್ದೆನೆನಿಸಿತು. ಕಣ್ಣಿಂದ ಆಗುವ ಕೆಲಸ, ಇನ್ನೇನು ಬೇಕು!

ಅಷ್ಟರಲ್ಲಿ ಪಾಷಾ ಕೈ ಒರೆಸಿಕೊಳ್ಳುತ್ತ ಹೇಳಿದ: “ಇನ್ನ ಮಿಕ್ಸ್ಚರ್ ಹಿಡೀಬೇಕು. ಗಾಳಿ ಎಷ್ಟು, ಪೆಟ್ರೋಲ್ ಎಷ್ಟು ಅಂತ. ಅದಕ್ಕ ಲೈಟ್ ನಡೆಯಂಗಿಲ್ಲ. ಕಿವೀನ ಬೇಕು.”

ಪಂಪಾಪತಿಯ ಮುಖ ಬಾಡಿತು. ಹೈದರಾಬಾದಿನವನನ್ನು ಮನಸ್ಸಿನಲ್ಲೇ ಬೈದ. ಸುದ್ದಿ ತಿಳಿದ ಗಿರಣಿಯವನು ಆಗಲೇ ಮೋಟಾರು ನಿಲ್ಲಿಸಿದ್ದ. ಬಾಡಿ ರಿಪೇರಿಯವನು ಸುತ್ತಿಗೆ ಇಳಿಸಿ ನೋಡಲು ಬಂದಿದ್ದ, ಅವನ ಹಿಂದೆ ಇನ್ನೂ ನಾಲ್ಕು ಜನ. ಇಷ್ಟು ಮಂದಿಯ ಎದುರಿಗೆ ಪಾಷಾ ಈಗ ಕಿವಿ ಹಚ್ಚುತ್ತಾನೆ, ಎಲ್ಲರಿಗೂ ಗೊತ್ತಾಗುತ್ತದೆ.

ಪಾಷಾ ನಿಂತವರನ್ನು ಒಂದು ಸುತ್ತು ನೋಡಿದ. “ಇಲ್ಲಿ ಬ್ಯಾಡ,” ಎಂದ. “ಹೊಸಾ ಸಾಮಾನು, ಎಂಜಿನ್ ಕಾಯಬೇಕು. ದೇವದುರ್ಗದ ದಾರಿ ಹಿಡೀರಿ ಸಾವ್ಕಾರ್ರ.”

ಗಬ್ಬೂರಿನ ತನಕ ಪಂಪಾಪತಿ ಒಂದೇ ಸಮನೆ ಮಾತಾಡಿದ. ಮಸರಕಲ್ಲಿನ ತನ್ನ ಹೊಲದ ಹತ್ತಿ, ಗಂಜಿನ ರಾಜಕೀಯ, ಮಂಜುಳಾಳ ಟಂಟಂ ಪ್ರಯಾಣ, ಎಲ್ಲ. ಹೊಸ ಕಿಡಿಯ ಬಲಕ್ಕೆ ಗುಂಡವ್ವ ಹಿಂದಿಗಿಂತ ಚುರುಕಾಗಿದ್ದಳು, ಆದರೂ ಆಗಾಗ ಮುಗ್ಗರಿಸುತ್ತಿದ್ದಳು. ಗಬ್ಬೂರು ದಾಟಿದ ಮೇಲೆ ರಸ್ತೆ ಬದಿಯ ಬೇವಿನ ಮರದ ನೆರಳಿಗೆ ಪಾಷಾ ಕೈ ತೋರಿಸಿದ. ಎರಡೂ ಕಡೆ ಹತ್ತಿ ಹೊಲ. ಹಾದುಹೋದ ಬಸ್ಸಿನ ಸದ್ದು ಕರಗಿದ ಮೇಲೆ ಗುಂಡವ್ವನ ದನಿ ಬಿಟ್ಟರೆ ಏನೂ ಇರಲಿಲ್ಲ.

ಪಾಷಾ ಬಾನೆಟ್ ಎತ್ತಿದ. ಸ್ಕ್ರೂಡ್ರೈವರ್ ಕೈಗೆ ತೆಗೆದುಕೊಂಡ. ಕಿವಿಗೆ ಇಡಲಿಲ್ಲ.

“ಸಾವ್ಕಾರ್ರ, ಇಲ್ಲಿ ಮಂದಿ ಇಲ್ಲ. ಒಂದು ಮಾತು ಹೇಳ್ತೀನಿ. ನನ್ನ ಕಿವಿ ಹೋಗ್ಯಾವ.”

ಇಂಥದೊಂದು ದಿನ ಬಂದರೆ ಆಶ್ಚರ್ಯಪಟ್ಟಂತೆ ಮಾಡಬೇಕು ಎಂದು ಪಂಪಾಪತಿ ಎಂದೋ ತೀರ್ಮಾನಿಸಿದ್ದ. ಆದರೆ ಮುಖ ಮಾತು ಕೇಳಲಿಲ್ಲ. “ಗೊತ್ತದ,” ಎಂದ.

“ನಿಮಗ ಗೊತ್ತದ ಅಂತ ನನಗೂ ಗೊತ್ತದ. ಟಿವಿ ನೋಡದಾಂವ ಎಲೆಕ್ಟ್ರಾನಿಕ್ ಎಲೆಕ್ಟ್ರಾನಿಕ್ ಅಂತ ಕುಣದ್ರ ನನಗ ತಿಳಿಯಂಗಿಲ್ಲೇನು? ಕಿವಿ ಹೋಗ್ಯಾವ, ತಲಿ ಹೋಗಿಲ್ಲ.”

“ಮತ್ತ ಸುಮ್ಮಕ್ಯಾಕ ಇದ್ದಿ?”

ಪಾಷಾ ಹತ್ತಿ ಹೊಲದ ಕಡೆ ನೋಡಿದ. “ಅಂಜಿಕಿರೀ. ಮಂದಿ ಬರೂದು ಬಿಟ್ರ ಬಿಡ್ಲಿ, ಹೊಟ್ಟಿಗೆ ಅಲ್ಲಾ ಕೊಡ್ತಾನ. ಗಾಡಿ ಸುಧಾರಿಸಾಕ ಆಗಂಗಿಲ್ಲ ಅಂತ ನೀವು ಬರೂದು ಬಿಟ್ರ? ಮುಂಜಾನಿಂದ ಸಂಜೀತನ ಆ ಶೆಡ್ಡಿನಾಗ ಕುಂತು ನಾ ಯಾರ ಮಾರಿ ನೋಡ್ಲಿ?”

ಪಂಪಾಪತಿಗೆ ಸಿಟ್ಟು ಬಂತು, ಕಣ್ಣಲ್ಲಿ ನೀರೂ ಬಂತು. ಯಾವುದು ಮೊದಲು ಬಂತೆಂದು ಅವನಿಗೇ ತಿಳಿಯಲಿಲ್ಲ. “ಹುಚ್ಚದೀಯೇನು? ಗಾಡಿ ಸಲುವಾಗಿ ಬರ್ತಿದ್ನೇನು ನಾನು? ಗಾಡಿ ಇಲ್ಲದಿದ್ರ ನಡ್ಕೊಂತ ಬರ್ತೀನಿ!” ಎಂದು ಕೂಗಿದ. ಹತ್ತಿ ಹೊಲದಿಂದ ಹಕ್ಕಿಗಳು ಎದ್ದವು. ಇಷ್ಟು ಗಟ್ಟಿಯಾಗಿ ಹೇಳಿದ್ದು ಪಾಷಾಗೆ ಪೂರ್ತಿ ಕೇಳಿಸಿತು. ಅವನು ತಲೆ ತಗ್ಗಿಸಿ ಸ್ವಲ್ಪ ಹೊತ್ತು ಸ್ಕ್ರೂಡ್ರೈವರಿನ ಹಿಡಿಯನ್ನು ಅಂಗಿಯಿಂದ ಒರೆಸಿದ. ಆಮೇಲೆ ಅದನ್ನು ಪಂಪಾಪತಿಯ ಕೈಗೆ ಕೊಟ್ಟ.

“ಹಂಗಾರ ಹಚ್ಚರಿ ಕಿವಿ. ನಾ ತಿರುವ್ತೀನಿ, ನೀವು ಕೇಳ್ರಿ.”

“ನನಗೇನು ತಿಳೀತದ?”

“ಆರು ಮಂದಿ ಪಂಕ್ತಿಗೆ ಕುಂತಾರ ಅನ್ಕೋರಿ. ಎಲ್ಲಾರೂ ಒಂದ ಹದಕ್ಕ ಉಣ್ಣಬೇಕು. ಒಬ್ಬಾಂವ ಗಬಗಬ ತಿನ್ನಬಾರದು, ಒಬ್ಬಾಂವ ಖಾಲಿ ಎಲಿ ಮುಂದ ಕೂಡಬಾರದು. ಎಲ್ಲಾರೂ ಕೂಡಿ ಉಣ್ಣೂ ಸಪ್ಪಳ ಬಂದಾಗ ಕೈ ಎತ್ತರಿ.”

ಪಂಪಾಪತಿ ಬಾಗಿದ. ಕಿವಿಯೊಳಗೆ ಸಂತೆಯೇ ನುಗ್ಗಿದಂತಾಯಿತು. ಪಾಷಾ ಒಂದು ಸ್ಕ್ರೂ ಕಾಲು ಸುತ್ತು ತಿರುಗಿಸಿದ, ಇನ್ನೊಂದನ್ನು ಕಾಲು ಸುತ್ತು. ಗುಂಡವ್ವನ ದನಿ ದಪ್ಪವಾಯಿತು, ತೆಳುವಾಯಿತು, ಬಿಕ್ಕಿತು. ಪಂಪಾಪತಿ ಪಾಷಾನ ಮುಖ ನೋಡಿದ. ಆಸೆಯಿಂದ ತನ್ನನ್ನೇ ನೋಡುತ್ತಿರುವ ಆ ಮುಖ ಕಂಡು ಅವನಿಗೆ ತಡೆಯಲಾಗಲಿಲ್ಲ, ಕೈ ಎತ್ತಿಬಿಟ್ಟ. “ಬಂತು! ಬರೋಬ್ಬರಿ ಆತು!”

ಪಾಷಾ ಎಂಜಿನ್ನಿನ ಮೇಲೆ ಅಂಗೈ ಇಟ್ಟು ನೋಡಿದ. ಮರುಗಳಿಗೆಯೇ ಅವನ ಕಣ್ಣು ಕೆಂಪಾಯಿತು.

“ಲೇ ಪಂಪಾ! ಇಷ್ಟು ನಡುಗಾಕತ್ತದ, ಬರೋಬ್ಬರಿ ಅಂತೀಯಲ್ಲ! ನನ್ನ ಖುಷಿ ಮಾಡಾಕ ಹೇಳಬ್ಯಾಡ. ಆಕಿ ಏನಂತಾಳ ಅದನ್ನ ಹೇಳು!”

ಇಷ್ಟು ವರ್ಷಗಳಲ್ಲಿ ಪಾಷಾ ಅವನನ್ನು ಲೇ ಎಂದವನಲ್ಲ. ಸಾವ್ಕಾರ್ರ ಬಿಟ್ಟು ಹೆಸರು ಹಿಡಿದವನೂ ಅಲ್ಲ. ಪಂಪಾಪತಿಗೆ ಬೈಸಿಕೊಂಡದ್ದು ಹಿತವಾಯಿತು. ಈ ಸಲ ಅವನು ಪಾಷಾನ ಮುಖ ನೋಡಲಿಲ್ಲ. ಕಣ್ಣು ಮುಚ್ಚಿದ.

ಸಂತೆಯ ಗದ್ದಲ ನಿಧಾನಕ್ಕೆ ಬೇರೆ ಬೇರೆ ದನಿಗಳಾಯಿತು. ಒಂದು ಕಡೆ ಹೊಸ ಕಾರ್ಬೊರೇಟರ್ ಗಾಳಿ ಎಳೆಯುವ ಸುಂಯ್. ಕೆಳಗೆ ಸಾಲಾಗಿ ಆರು ಬಡಿತ, ಅದರಲ್ಲಿ ಹಿಂದಿನದೊಂದು ಹೊತ್ತು ತಪ್ಪಿ ಬರುತ್ತಿತ್ತು. “ಹಿಂದಿನಾಂವ ಎಲಿ ಮುಂದ ಕೂತಾನ, ಬಡಿಸಿಲ್ಲ,” ಎಂದು ಕೂಗಿದ. ಪಾಷಾ ತಿರುವಿದ. “ಇನ್ನ ಸ್ವಲ್ಪ... ಹೆಚ್ಚಾತು, ಹೊಳ್ಳಿ ಬಾ... ಸ್ವಲ್ಪ...” ಮತ್ತು ಒಮ್ಮೆಲೇ ಆರೂ ಕೂಡಿದವು. ಗುಂಡವ್ವ ಒಂದೇ ಎಳೆಯಲ್ಲಿ ಗುಂಯ್‌ಗುಡತೊಡಗಿದಳು. ಹುಟ್ಟಿದಾಗಿನಿಂದ ಆ ಕಾರಿನಲ್ಲಿ ಓಡಾಡಿದ ಪಂಪಾಪತಿ ಅವಳ ದನಿ ಕೇಳಿದ್ದು ಅಂದೇ. ಕೈ ಎತ್ತುವುದೂ ಮರೆತು ನಿಂತಿದ್ದ. ಪಾಷಾ ಅಂಗೈ ಇಟ್ಟು ನೋಡಿ, ನಡುಕ ನಿಂತದ್ದು ತಿಳಿದು, ತಾನೇ ಸ್ಕ್ರೂ ತಿರುವುವುದನ್ನು ನಿಲ್ಲಿಸಿದ.

“ನಿಮಗ ಯಾವಾಗ ಗೊತ್ತಾತ್ರಿ?” ಎಂದು ಬಾನೆಟ್ ಇಳಿಸುತ್ತ ಕೇಳಿದ. ಲೇ ಹೋಗಿ ಮತ್ತೆ ರೀ ಬಂದಿತ್ತು.

ಪಂಪಾಪತಿ ಗಿರಣಿಯ ಕಥೆ ಹೇಳಿದ. ಎಂಜಿನ್ ಆರಿದ್ದು, ಮೋಟಾರು ಅದುರಿದ್ದು, ಕ್ಯಾ ಬಾತ್ ಅಂದದ್ದು ಎಲ್ಲ. ಪಾಷಾ ಮೊದಲು ಪೆಚ್ಚಾದ. ಆಮೇಲೆ ಅವನ ಹೊಟ್ಟೆ ಕುಣಿಯತೊಡಗಿತು. “ಯಾ ಅಲ್ಲಾ! ಗುಂಡವ್ವನ್ನ ಬಿಟ್ಟು ಗಿರಣಿ ಟ್ಯೂನ್ ಮಾಡಿದ್ನೇನು?” ಎಂದು ಬೇವಿನ ಬೊಡ್ಡೆ ಹಿಡಿದುಕೊಂಡು ನಕ್ಕ. ಇಬ್ಬರೂ ನಕ್ಕು ನಕ್ಕು ಕೆಮ್ಮಿದರು. ದಾರಿಯಲ್ಲಿ ಹೋಗುತ್ತಿದ್ದ ಬೈಕಿನವನು ನಿಲ್ಲಿಸಿ, ಏನಾದರೂ ತೊಂದರೆಯೇ ಎಂದು ವಿಚಾರಿಸಿ ಹೋದ.

ದೇವದುರ್ಗದ ಕಡೆ ಮತ್ತೆ ಹೊರಟಾಗ ಪಂಪಾಪತಿ ಮಾತಾಡಲಿಲ್ಲ. ಒಂದು ಏರು ಬಂತು, ಹೋಯಿತು. ಎದುರಿಗೆ ಹತ್ತಿಯ ಲಾರಿ ಬಂತು, ಹೋಯಿತು. ಪಾಷಾ ಅವನನ್ನು ಓರೆಗಣ್ಣಿನಿಂದ ನೋಡಿ ನೋಡಿ ಕೊನೆಗೆ ಗಾಬರಿಯಾದ.

“ಯಾಕ್ರಿ, ಆರಾಮ ಇಲ್ಲೇನು? ಬಾಯಿ ಅಲುಗಾಡವಲ್ಲದು.”

“ಆಕಿ ದನಿ ಕೇಳಾಕತ್ತೀನಿ.”

ಪಾಷಾ ಅವನ ಕಡೆ ಪೂರ್ತಿ ತಿರುಗಿ ಕೂತ. ಆಮೇಲೆ ಸಣ್ಣ ದನಿಯಲ್ಲಿ, “ಹೆಂಗದರೀ?” ಎಂದು ಕೇಳಿದ.

ಮಾತಿಗೆ ಎಂದೂ ತಡಕಾಡದ ಪಂಪಾಪತಿ ಅಂದು ತಡಕಾಡಿದ. ಸ್ಟೇರಿಂಗ್ ಗಟ್ಟಿಯಾಗಿ ಹಿಡಿದು, ಪಾಷಾಗೆ ತನ್ನ ಬಾಯಿ ಕಾಣುವಂತೆ ಆದಷ್ಟು ವಾರೆಯಾಗಿ ಕೂತು ಶುರುಮಾಡಿದ. ಈಗ ಏರು ಹತ್ತಾಕತ್ತಾಳ, ದನಿ ತುಸು ದಪ್ಪಾತು. ಈಗ ಹಗರಾದ್ಲು. ಈಗ ಏನೂ ಇಲ್ಲ, ನಿದ್ದಿ ಹತ್ತಿದ ಕೂಸಿನ ಉಸುರಿನಂಗ ಅದ. ದೇವದುರ್ಗದ ಮನೆಗಳು ಕಾಣುವವರೆಗೂ ಅವನು ಕೂಗಿ ಕೂಗಿ ಹೇಳುತ್ತ ಹೋದ. ಪಾಷಾ ಅವನ ತುಟಿಗಳ ಮೇಲಿನ ಕಣ್ಣು ತೆಗೆಯದೆ ಕೇಳುತ್ತ ಕೂತಿದ್ದ.